ಹಪ್ಪಳ ಮುರಿಯದಂತೆ ಓಡುವುದು

ಶಶಿಕಾಂತ್ ಓಡಿದರೆ ಬೀದಿಗೆಲ್ಲ ಕೇಳುತ್ತಿತ್ತು. ಪದ್ಮನಾಭನಗರದ ಆ ಅಡ್ಡರಸ್ತೆಯಲ್ಲಿ ಮನೆಗಳು ಒಂದರ ಹೆಗಲಿಗೊಂದು ಒರಗಿಕೊಂಡು ನಿಂತಿದ್ದವು. ಅವನು ಮೊದಲ ತಿರುವಿನಲ್ಲಿ ಕಾಲೂರಿದರೆ ಕೊನೆಯ ಮನೆಯ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳು ಸಣ್ಣಗೆ ಮಾತಾಡಿಕೊಳ್ಳುತ್ತಿದ್ದವು. ಇದು ತೂಕದ ದೋಷವಲ್ಲ. ಅವನಿಗಿಂತ ದಪ್ಪಗಿದ್ದವರು ಆ ರಸ್ತೆಯಲ್ಲಿ ಬೇಕಾದಷ್ಟು ಜನ ಇದ್ದರು. ಅವರು ಓಡುತ್ತಿರಲಿಲ್ಲ, ಅಷ್ಟೇ. ಶಶಿಕಾಂತನ ಪ್ರಕಾರ ಓಟವೆಂದರೆ ಕಾಲನ್ನು ಸಾಧ್ಯವಾದಷ್ಟು ದೂರ ಎಸೆಯುವುದು, ಆಮೇಲೆ ಆ ಕಾಲು ಬಿದ್ದಲ್ಲಿಗೆ ದೇಹವನ್ನು ಎಳೆದುಕೊಂಡು ಹೋಗುವುದು.

ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕೂತು ದಿನವಿಡೀ ವಿದ್ಯಾರ್ಥಿಗಳ ಸರ್ಟಿಫಿಕೇಟುಗಳಿಗೆ ಸೀಲು ಒತ್ತುವ ಮನುಷ್ಯ ಯಾಕೆ ಓಡಬೇಕು ಎಂದು ಕೇಳಿದವರಿಗೆ ಅವನು ಉತ್ತರ ಕೊಟ್ಟಿರಲಿಲ್ಲ. ಉತ್ತರ ಇತ್ತು. ಒಂದು ಸಲ ಹುಳಿಮಾವು ಕೆರೆಯ ಏರಿಯ ಮೇಲೆ, ನೀರಿನಿಂದ ಮಂಜು ಏಳುವ ಹೊತ್ತಿನಲ್ಲಿ ಓಡುತ್ತಿದ್ದಾಗ, ಅರೆಗಳಿಗೆ ಅವನ ದೇಹ ಅವನ ಜೊತೆ ಇರಲಿಲ್ಲ. ಎಲ್ಲಿಗೋ ಹೋಗಿ ವಾಪಸ್ಸು ಬಂತು. ಅದು ಎಲ್ಲಿಗೆ ಹೋಗಿತ್ತು ಅನ್ನುವುದನ್ನು ತಿಳಿಯಬೇಕು ಎಂದು ಅವನಿಗೆ ಅನ್ನಿಸಿತ್ತು. ಇಂಥ ಮಾತನ್ನು ಆಫೀಸಿನಲ್ಲಿ ಹೇಳಲಾಗುವುದಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಓಡಲು ಹೋಗಿದ್ದವನನ್ನು ಯಾರೋ ಆಟೋದಲ್ಲಿ ಮನೆಗೆ ತಂದು ಇಳಿಸಿದರು. ಹೆಂಡತಿ ಚೈತ್ರ ಪ್ಯಾಂಟು ಮೇಲೆತ್ತಿ ನೋಡಿದಳು.

"ರೀ, ಇದು ಮಂಡಿನಾ ಕುಂಬಳಕಾಯಿನಾ?"

ಅವಳ ತಮ್ಮ ನರೇಂದ್ರ ಅಂದು ಅಲ್ಲೇ ಇದ್ದ. ಜೆಪಿ ನಗರದವನು, ಓಟದ ಮೆಡಲುಗಳನ್ನು ಮನೆಯ ಗೋಡೆಗೆ ತೋರಣ ಕಟ್ಟಿದವನು. ಬಾಯಿಗೆ ಉಪ್ಪಿಟ್ಟು ಹಾಕಿಕೊಳ್ಳುತ್ತಾ, "ಭಾವ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಬಾಡಿ ಓಟಕ್ಕೆ ಮಾಡಿದ್ದಲ್ಲ. ಕೇರಂ ಟ್ರೈ ಮಾಡಿ. ಕೂತ್ಕೊಂಡೇ ಆಡ್ಬೋದು," ಅಂದ.

ಕುಂಟುತ್ತಿರುವ ಮನುಷ್ಯನಿಗೆ ಕೇರಂ ಎಂಬ ಶಬ್ದ ಕೇಳಿಸಬಾರದು. ಶಶಿಕಾಂತ್ ಸೋಫಾದ ಮೇಲಿಂದಲೇ ಘೋಷಿಸಿದ: "ಸಂಕ್ರಾಂತಿ ಆದ್ಮೇಲೆ ಬರೋ ಭಾನುವಾರ, ನಿನ್ನ ಜೊತೆ ಓಡ್ತೀನಿ ಕಣೋ. ಕುಂಟದೇ ಮನೆಗೆ ಬರ್ತೀನಿ."

ನರೇಂದ್ರನಿಗೆ ಉಪ್ಪಿಟ್ಟು ನೆತ್ತಿಗೆ ಹತ್ತಿತು. ಅವನ ಬೆನ್ನು ತಟ್ಟುತ್ತಲೇ ಚೈತ್ರ ತೀರ್ಪು ಕೊಟ್ಟಳು.

"ಆಯ್ತು, ಅವತ್ತೊಂದಿನ ಓಡಿ. ವಾಪಸ್ಸು ಬಂದು ನಮ್ಮನೆ ಮೆಟ್ಟಿಲು ಹತ್ತಿ, ಕಂಬಿ ಮುಟ್ಟದೆ. ಹತ್ತಿದ್ರೆ ಶೂ ನಿಮ್ಮದು, ಎಷ್ಟು ಬೇಕಾದ್ರೂ ಓಡ್ಕೊಳಿ. ಇಲ್ಲಾಂದ್ರೆ ಗುಜರಿಯವನಿಗೆ. ಆದರೆ ಅಲ್ಲೀವರೆಗೂ ಮಂಡಿಗೆ ರೆಸ್ಟು. ಒಂದು ಹೆಜ್ಜೆ ಓಡಿದ್ದು ಗೊತ್ತಾದ್ರೂ ಅವತ್ತೇ ಗುಜರಿ."

ಕಿತ್ತಳೆ ಬಣ್ಣದ ಆ ಶೂಗಳು ಬಾಗಿಲ ಬಳಿಯ ಸ್ಟ್ಯಾಂಡಿನಲ್ಲಿ ಎರಡು ಮೊಲದ ಮರಿಗಳಂತೆ ಕೂತು ಇದನ್ನೆಲ್ಲ ಕೇಳಿಸಿಕೊಂಡವು.

*

ಮಂಡಿಗೆ ಜಯನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್. ಕೆಳಗೆ ಬೇಕರಿ, ಮೇಲೆ ಕ್ಲಿನಿಕ್. ಅಲ್ಲಿನ ಸಮನ್ವಿತಾ ಚಿಕ್ಕ ವಯಸ್ಸಿನವಳು, ಆದರೆ ಕನ್ನಡಕದ ಮೇಲಿಂದ ನೋಡುವುದನ್ನು ಆಗಲೇ ಕಲಿತಿದ್ದಳು. ಊತ ಇಳಿದ ಮೇಲೆ ಅವನನ್ನು ಟ್ರೆಡ್‌ಮಿಲ್ ಮೇಲೆ ಹತ್ತಿಸಿದಳು. ಶಶಿಕಾಂತ್ ಶಕ್ತಿಮೀರಿ ಓಡಿದ. ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು.

"ಇಳೀರಿ ಸಾರ್. ಕೆಳಗಡೆ ಬೇಕರಿಯವರು. ಗಾಜಿನ ಭರಣಿಗಳೆಲ್ಲ ಅಂಚಿಗೆ ಬಂದ್ಬಿಟ್ಟಿವೆಯಂತೆ."

ಅವನು ಇಳಿದು ಬೆವರೊರೆಸಿಕೊಂಡು, ಇದನ್ನು ಮೆಚ್ಚುಗೆ ಎಂದೇ ತೆಗೆದುಕೊಂಡ.

"ನೀವು ಓಡ್ತಾ ಇಲ್ಲ ಸಾರ್. ಪ್ರತಿ ಹೆಜ್ಜೆಗೂ ಬ್ರೇಕ್ ಹಾಕ್ತಾ ಇದೀರ. ಕಾಲು ಮುಂದೆ ಚಾಚಿ ಹಿಮ್ಮಡಿ ಊರ್ತೀರಲ್ಲ, ಅದು ಬ್ರೇಕು. ಏಟೆಲ್ಲ ಮಂಡಿಗೆ. ಅರ್ಧ ಶಕ್ತಿ ಮುಂದೆ ಹೋಗೋಕೆ, ಅರ್ಧ ಶಕ್ತಿ ನಿಲ್ಲೋಕೆ ಖರ್ಚು ಮಾಡಿದ್ರೆ ಸುಸ್ತಾಗದೆ ಇನ್ನೇನಾಗತ್ತೆ?"

ಅವಳು ಎದ್ದು ಮಾಡಿ ತೋರಿಸಿದಳು. ಹೆಜ್ಜೆ ಚಿಕ್ಕದು, ಬೇಗ ಬೇಗ. ಪಾದ ಸೊಂಟದ ನೇರಕ್ಕೆ ಕೆಳಗೇ ಇಳಿಯಬೇಕು. ಬಾಗುವುದು ಪಾದದ ಹರಡಿನಿಂದ, ಸೊಂಟದಿಂದ ಬಾಗಿದರೆ ಅದು ನಮಸ್ಕಾರ. ಮುಷ್ಟಿ ಬಿಗಿಯಬಾರದು: ಕರಿದ ಹಪ್ಪಳವನ್ನು ಎರಡು ಬೆರಳಲ್ಲಿ ಹಿಡಿದರೆ ಹೇಗೋ ಹಾಗೆ, ಮುರಿಯದಂತೆ. ದವಡೆ ಸಡಿಲ, ಬಾಯಿ ಸ್ವಲ್ಪ ತೆರೆದಿರಲಿ, ಕಣ್ಣು ದೂರಕ್ಕೆ.

"ಮುಖ ಹೇಗಿರ್ಬೇಕು ಗೊತ್ತಾ? ಬಸ್ಸಲ್ಲಿ ಕಿಟಕಿ ಪಕ್ಕ ನಿದ್ದೆ ಹೋಗಿರ್ತಾರಲ್ಲ, ಹಾಗೆ. ಮುಖ ಬಿಗಿದ್ರೆ ಭುಜ ಬಿಗಿಯತ್ತೆ, ಭುಜ ಬಿಗಿದ್ರೆ ಎಲ್ಲ ಬಿಗಿಯತ್ತೆ. ಆಮೇಲೆ ಮುಖ್ಯವಾದ್ದು, ಸದ್ದು. ನಿಮ್ಮ ಹೆಜ್ಜೆ ನಿಮಗೇ ಕೇಳಿಸಬಾರದು. ಕೇಳಿಸಲಿಲ್ಲ ಅಂದ್ರೆ ಸರಿಯಾಗಿ ಓಡ್ತಿದೀರ ಅಂತ."

"ಪ್ರಾಕ್ಟೀಸ್ ಎಷ್ಟು ದಿನ ಮಾಡ್ಬೇಕು?"

"ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ. ಮನೇಲಿ ಅಡ್ಡಿಯಿಲ್ಲ ತಾನೆ?"

"ಏನೂ ಇಲ್ಲ," ಎಂದ ಶಶಿಕಾಂತ್, ಕಿಟಕಿಯ ಆಚೆ ನೋಡುತ್ತಾ.

*

ಅಂದಿನಿಂದ ಅವನು ತನ್ನ ಗೊರಕೆಯ ಮೇಲೆ ತಾನೇ ದೂರು ಹೇಳಿ, "ನಿನಗೆ ಯಾಕೆ ತೊಂದರೆ" ಎಂದು ಹಾಲಿನ ಸೋಫಾಗೆ ವರ್ಗವಾದ. ರಾತ್ರಿ ಊಟದಲ್ಲಿ ಕರಿದ ಹಪ್ಪಳಕ್ಕೆ ಬೇಡಿಕೆಯಿಟ್ಟು, ಅದರಲ್ಲಿ ಎರಡನ್ನು ಉಳಿಸಿ ಟಿವಿಯ ಹಿಂದೆ ಇಡಲು ಕಲಿತ. ಬೆಳಕು ಹರಿಯುವ ಮುಂಚೆ ದಿಂಬಿಗೆ ರಗ್ಗು ಹೊದಿಸಿ, ಶೂಗಳನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದ. ಚಳಿಗೆಂದು ಪಟ್ಟೆ ಪಟ್ಟೆಯ ಪೈಜಾಮ. ಗುರುತು ಸಿಗದಿರಲೆಂದು ಮಂಕಿ ಕ್ಯಾಪು.

ಇಲ್ಲಿ ಅವನಿಂದ ಒಂದು ದೊಡ್ಡ ತಪ್ಪಾಯಿತು. ಪದ್ಮನಾಭನಗರದಲ್ಲಿ ಧನುರ್ಮಾಸದ ಬೆಳಗ್ಗೆ ಜನ ಒಬ್ಬರನ್ನೊಬ್ಬರು ಗುರುತು ಹಿಡಿಯುವುದೇ ಮಂಕಿ ಕ್ಯಾಪಿನಿಂದ. ಮುಖವನ್ನು ಯಾರು ನೋಡುತ್ತಾರೆ? ಶಶಿಕಾಂತನದು ಅತ್ತೆ ಹೆಣೆದ ಕಡುಗೆಂಪು ಟೋಪಿ, ನೆತ್ತಿಯ ಮೇಲೆ ಹಳದಿ ಕುಚ್ಚು. ಇಡೀ ಬೆಂಗಳೂರು ದಕ್ಷಿಣಕ್ಕೆ ಅದು ಒಂದೇ ಒಂದು.

ಮೊದಲು ನೋಡಿದವರು ಜಯದೇವಪ್ಪ. ನಿವೃತ್ತ ಇಂಜಿನಿಯರು, ರಸ್ತೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು. ರಸ್ತೆಯ ಕ್ಷೇಮವನ್ನು ತಾವೇ ಸ್ವತಃ ಅನುಭವಿಸುತ್ತಾ ದಿನವೂ ಅದೇ ಹೊತ್ತಿಗೆ ದೇವಸ್ಥಾನಕ್ಕೆ ಹೊರಡುತ್ತಿದ್ದರು. ಬೀದಿದೀಪದ ಕೆಳಗಿನ ಮಂಜಿನಿಂದ ಒಂದು ಆಕೃತಿ ಹೊರಗೆ ಬಂತು. ಪಟ್ಟೆ ಪೈಜಾಮ. ಅರೆಮುಚ್ಚಿದ ಕಣ್ಣು. ಜೋತುಬಿದ್ದ ಬಾಯಿ. ಎರಡು ಕೈಯಲ್ಲೂ ಒಂದೊಂದು ಹಪ್ಪಳ. ಒಂಚೂರೂ ಸದ್ದಿಲ್ಲ.

"ಗುಡ್ ಮಾರ್ನಿಂಗ್ ಶಶಿಕಾಂತ್!"

ನಾನು ಶಶಿಕಾಂತನೇ ಅಲ್ಲ ಎಂಬ ದೃಢ ವಿಶ್ವಾಸದಲ್ಲಿದ್ದ ಶಶಿಕಾಂತ್, ಮುಖದ ಒಂದು ಗೆರೆಯನ್ನೂ ಬಿಗಿಯದೆ, ಅವರ ಶಾಲಿನ ಅಂಚು ಸವರಿಕೊಂಡು ಹೊರಟುಹೋದ.

ಜಯದೇವಪ್ಪನವರು ಅಲ್ಲೇ ನಿಂತು ಚೈತ್ರಳಿಗೆ ಫೋನ್ ಮಾಡಿದರು. "ಅಮ್ಮಾ, ಸಾರಿ, ಇಷ್ಟು ಬೇಗ. ಶಶಿಕಾಂತ್ ಇದಾರಾ?"

ಚೈತ್ರ ರೂಮಿನ ಬಾಗಿಲಿಂದ ಸೋಫಾದ ಕಡೆ ಇಣುಕಿದಳು. ರಗ್ಗು ಕಾಣಿಸಿತು. "ಮಲಗಿದಾರೆ ಅಂಕಲ್. ಏಳೋಕೆ ಇನ್ನೂ ಹೊತ್ತಿದೆ. ಎಬ್ಬಿಸ್ಲಾ?"

"ಬೇಡ!" ಜಯದೇವಪ್ಪನವರು ಚೀರಿದರು. ಆಮೇಲೆ ಪಿಸುಗುಟ್ಟಿದರು. "ಬೇಡಮ್ಮಾ. ಯಾವ ಕಾರಣಕ್ಕೂ ಎಬ್ಬಿಸಬೇಡಿ."

*

ಅಂದೇ ಸಂಜೆ ಪಾರ್ಕಿನ ಮಂಟಪದಲ್ಲಿ ತುರ್ತು ಸಭೆ. ಚೈತ್ರಳನ್ನು ಕರೆಯಲಿಲ್ಲ, ಹೆಣ್ಣುಮಗಳು, ಹೆದರಿಕೊಂಡಾಳು. ಶಶಿಕಾಂತನನ್ನು ಕರೆಯುವ ಪ್ರಶ್ನೆಯೇ ಇಲ್ಲ, ರೋಗಿ.

"ನಿದ್ದೇಲಿ ನಡೆಯೋರನ್ನ ಕೇಳಿದೀನಿ. ನಿದ್ದೇಲಿ ಓಡೋರು ನಮ್ಮ ರಸ್ತೇಲೇ ಮೊದಲು," ಎಂದರು ಜಯದೇವಪ್ಪ. ಆ ಧ್ವನಿಯಲ್ಲಿ ಆತಂಕದ ಜೊತೆ ಒಂದು ಎಳೆ ಹೆಮ್ಮೆಯೂ ಇತ್ತು.

"ಹೂಂ ಸಾರ್, ನಾನೂ ನೋಡಿದೀನಿ," ಎಂದರು ಲಕ್ಷ್ಮಮ್ಮ. ಶಶಿಕಾಂತ್ ಬಾಡಿಗೆಗಿದ್ದ ಮನೆಯ ಓನರು, ಮೂಲದಲ್ಲಿ ಕೋಣನಕುಂಟೆ ಕಡೆಯ ಬೇಸಾಯದ ಮನೆತನ. ಈಗ ಬೇಸಾಯಕ್ಕೆ ಉಳಿದಿದ್ದು ಗೇಟಿನ ಮುಂದೆ ದಿನವೂ ರಂಗೋಲಿ ಬೆಳೆಯುವುದೊಂದೇ. "ನನ್ನ ರಂಗೋಲಿ ಮ್ಯಾಲೇ ಬತ್ತಾರೆ, ಒಂದು ಚುಕ್ಕಿ ಅಳಿಸಕ್ಕಿಲ್ಲ. ಮೊದ್ಲು ಓಡ್ತಿದ್ದಾಗ ಹಿಮ್ಮಡಿ ಗುದ್ದಿ ಗುಂಡಿ ಮಾಡೋರು. ಎಚ್ಚರ ಇರೋ ಮನುಷ್ಯ ಅಷ್ಟು ನಾಜೂಕಾಗಿ ಓಡಕ್ಕಾಗ್ತದಾ? ಪಾಪ, ಕೈಯಾಗೆ ಹಪ್ಪಳ."

"ಹಪ್ಪಳ ಯಾಕಿರಬಹುದು?" ಯಾರೋ ಕೇಳಿದರು.

"ಮದುವೆ ಊಟದ ಕನಸು," ಎಂದರು ಜಯದೇವಪ್ಪ. "ಪಂಕ್ತಿ ಮುಗಿದೋಗತ್ತೆ ಅಂತ ಓಡ್ತಿದಾರೆ. ಈಗ ವಿಷಯಕ್ಕೆ ಬರೋಣ. ನಮ್ಮ ದೊಡ್ಡಪ್ಪನ ಮಗ ಒಬ್ಬ ನಿದ್ದೇಲೇ ಎದ್ದು ಬಾವಿ ಸೇದ್ತಿದ್ದ. ಯಾರೋ ಕೂಗಿ ಎಬ್ಬಿಸಿದ್ರು. ಅವತ್ತಿಂದ ಹೋಗೋವರೆಗೂ ಅವನಿಗೆ ಎಡಗಿವಿ ಕೇಳಿಸಲಿಲ್ಲ. ಓಡ್ತಿರೋನನ್ನ ಎಬ್ಬಿಸಿದ್ರೆ ಎದೇನೇ ನಿಂತೋಗತ್ತೆ. ಆದ್ದರಿಂದ ಶಶಿಕಾಂತ್ ತಾನಾಗೇ ವಾಪಸ್ಸು ಹೋಗಿ ಮಲಗೋವರೆಗೂ ಈ ರಸ್ತೇಲಿ ಸದ್ದಾಗಕೂಡದು."

ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ನಲ್ಲಿ ನೀರಿನ ವಿಷಯದಲ್ಲಿ ಎಂದೂ ಒಂದಾಗದ ರಸ್ತೆ ಅದು.

ಲಕ್ಷ್ಮಮ್ಮ ತಮ್ಮ ನಾಯಿ ರಾಜನನ್ನು ಬೆಳಗಿನ ಜಾವ ಒಳಗೆ ಕಟ್ಟಿ ಬಾಯಿಗೆ ರಸ್ಕು ಕೊಡತೊಡಗಿದರು. ಹಾಲಿನ ಗಾಡಿ ತಿರುವಿನಲ್ಲೇ ಇಂಜಿನ್ ಆಫ್ ಮಾಡಿ ತಳ್ಳಿಕೊಂಡು ಬಂತು. ಪೇಪರು ಎಸೆಯುವುದು ನಿಂತು, ಬಾಗಿಲಿಗೆ ಬಂದು ಕೈಗೇ ಕೊಡುವ ಪದ್ಧತಿ ಶುರುವಾಯಿತು. ಕಷ್ಟವಾಗಿದ್ದು ದೇವಸ್ಥಾನದ ಮೈಕು.

"ಧನುರ್ಮಾಸ ಸ್ವಾಮಿ! ದೇವರನ್ನ ಎಬ್ಬಿಸಬೇಕು!" ಎಂದರು ಅರ್ಚಕರು.

"ದೇವರು ಏಳಲಿ. ಶಶಿಕಾಂತ್ ಏಳಬಾರದು," ಎಂದರು ಜಯದೇವಪ್ಪ.

ಬಹಳ ಚರ್ಚೆಯಾಗಿ, ಆ ಮಾಸ ಪೂರ್ತಿ ದೇವರನ್ನು ಪಿಸುಮಾತಿನಲ್ಲಿ ಎಬ್ಬಿಸುವುದೆಂದು ತೀರ್ಮಾನವಾಯಿತು.

ಬರಿಗೈಯಲ್ಲಿ ಹೋಗುವುದು ಬೇಡವೆಂದು ಲಕ್ಷ್ಮಮ್ಮ ಒಂದು ಡಬ್ಬಿ ಬಾದಾಮಿ ಹಿಡಿದು ಮೇಲಿನ ಮನೆಗೆ ಹತ್ತಿದರು. "ಚೈತ್ರಮ್ಮ, ಧೈರ್ಯವಾಗಿರವ್ವ. ಎಲ್ಲಾ ಸರಿಹೋಯ್ತದೆ."

"ಅಯ್ಯೋ, ಮಂಡಿನೋವು ತಾನೇ ಲಕ್ಷ್ಮಮ್ಮಾ," ಎಂದಳು ಚೈತ್ರ.

ಲಕ್ಷ್ಮಮ್ಮ ಅವಳ ಕೆನ್ನೆ ಸವರಿ, ಕಣ್ಣೊರೆಸಿಕೊಂಡು ಇಳಿದುಹೋದರು.

*

ಇದ್ಯಾವುದೂ ಗೊತ್ತಿಲ್ಲದ ಶಶಿಕಾಂತ್ ದಿನದಿಂದ ದಿನಕ್ಕೆ ಹಗುರಾದ.

ಮೊದಮೊದಲು ತಿರುವು ಮುಟ್ಟುವಷ್ಟರಲ್ಲಿ ಹಪ್ಪಳ ಪುಡಿಯಾಗುತ್ತಿತ್ತು. ಬೆರಳು ಸಡಿಲಾದಂತೆ ಅರ್ಧ ಉಳಿಯತೊಡಗಿತು. ಒಂದು ದಿನ ಇಡೀ ಹಪ್ಪಳ ಮನೆಗೆ ವಾಪಸ್ಸು ಬಂತು. ಅದನ್ನು ಮೆಟ್ಟಿಲ ಮೇಲೆ ಕೂತು ತಿಂದಾಗ, ಅದಕ್ಕಿಂತ ರುಚಿಯಾದ ತಿಂಡಿ ಜನ್ಮದಲ್ಲಿ ತಿಂದಿರಲಿಲ್ಲ ಅನ್ನಿಸಿತು. ರಸ್ತೆಯ ಎರಡೂ ಬದಿಯ ರಂಗೋಲಿಗಳು ಅರೆಗತ್ತಲಲ್ಲಿ ಯಾರೋ ಇಳಿಸಿ ಮರೆತುಹೋದ ನಕ್ಷತ್ರಗಳಂತೆ ಬಿದ್ದಿರುತ್ತಿದ್ದವು. ಅವನು ಅವುಗಳ ನಡುವೆ ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಹಾಯುತ್ತಿದ್ದ. ಹೊಂಗೆ ಮರಗಳು ಹಿಂದೆ ಸರಿಯುತ್ತಿದ್ದವು. ತಾನು ನಿಂತಿದ್ದೇನೆ, ಬೀದಿಯೇ ತನ್ನ ಕೆಳಗೆ ಮೆತ್ತಗೆ ಹರಿಯುತ್ತಿದೆ ಅನ್ನಿಸುತ್ತಿತ್ತು. ಏದುಸಿರಿಲ್ಲ. ಮಂಡಿ ಎಂಬುದೊಂದು ತನಗಿದೆ ಎನ್ನುವುದೇ ಮರೆತುಹೋಗುತ್ತಿತ್ತು.

ಎಲ್ಲಕ್ಕಿಂತ ಅದ್ಭುತವೆಂದರೆ ಆ ಮೌನ. ಸಮನ್ವಿತಾ ಅವನ ಹೆಜ್ಜೆ ಮಾತ್ರ ಕೇಳಿಸಬಾರದು ಎಂದಿದ್ದಳು. ಇಲ್ಲಿ ನೋಡಿದರೆ ಜಗತ್ತೇ ಕೇಳಿಸುತ್ತಿಲ್ಲ! ನಾಯಿ ಬೊಗಳುತ್ತಿಲ್ಲ. ಸ್ಕೂಟರಿಲ್ಲ. ಹಾಲಿನ ಗಾಡಿ ದೋಣಿಯಂತೆ ತೇಲಿ ಬರುತ್ತದೆ. ದೇವಸ್ಥಾನದ ಮುಂದೆ ಹಾಯುವಾಗ ದೇವರೇ ಗುಟ್ಟು ಹೇಳುತ್ತಿರುವಂತೆ ಒಂದು ಪಿಸುದನಿ. ಎದುರಾದ ಹೆಂಗಸರು ಗೋಡೆಗೆ ಸರಿದು ಬಾಯಿಗೆ ಸೆರಗು ಹಿಡಿದು ನಿಲ್ಲುತ್ತಾರೆ. ಒಬ್ಬ ಸೊಪ್ಪು ಮಾರುವವಳು ಕೈಮುಗಿದಳು. ಶಶಿಕಾಂತ್ ಇದನ್ನೆಲ್ಲ ಟೆಕ್ನಿಕ್ಕಿನ ಲೆಕ್ಕಕ್ಕೆ ಹಾಕಿಕೊಂಡ.

"ಈಗ ಭರಣಿ ಅಲ್ಲಾಡ್ಲಿಲ್ಲವಂತೆ ಸಾರ್. ಸಖತ್ ಇಂಪ್ರೂವ್‌ಮೆಂಟ್!" ಎಂದಳು ಸಮನ್ವಿತಾ ಮುಂದಿನ ಸಲ.

"ಅದು ಬಿಡಿ ಮೇಡಂ. ನಾನು ಓಡಿದ್ರೆ ಈಗ ನಾಯಿಗಳೂ ಬೊಗಳಲ್ಲ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಸಾರ್."

ಇನ್ನೂ ಚಿಕ್ಕ ಹುಡುಗಿ, ತಿಳುವಳಿಕೆ ಸಾಲದು ಎಂದು ಅವನು ಕ್ಷಮಿಸಿದ.

ಅವನು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ, ಕತ್ತು ತಿರುಗಿಸಿದರೆ ಭುಜ ಬಿಗಿಯುತ್ತದೆಂದು. ನೋಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಯಾಕೆಂದರೆ ಹಿಂದೆ ಜಯದೇವಪ್ಪನವರು ಬರುತ್ತಿದ್ದರು. ರೋಗಿ ಎಲ್ಲಿಯಾದರೂ ಮೋರಿಗೆ ಬಿದ್ದರೆ ಹಿಡಿಯಲು ಯಾರಾದರೂ ಬೇಕಲ್ಲ. ಮೊದಲ ದಿನ ಚಪ್ಪಲಿ ಪಟಪಟ ಎಂದಿತು. ಬಿಚ್ಚಿ ಕೈಯಲ್ಲಿ ಹಿಡಿದರು. ದೊಡ್ಡ ಹೆಜ್ಜೆಯಿಟ್ಟರೆ ಹಿಮ್ಮಡಿ ಸದ್ದಾಗುತ್ತದೆ, ಚಿಕ್ಕದು ಮಾಡಿದರು. ಉಸಿರು ಬಿಗಿಹಿಡಿದರೆ ಕೆಮ್ಮು ಬರುತ್ತದೆ, ಬಾಯಿ ತೆರೆದರು. ಅವರ ಹಿಂದೆ ಲಕ್ಷ್ಮಮ್ಮ, ಅವರ ಹಿಂದೆ ವಾಕಿಂಗಿನ ಹೆಂಗಸರ ತಂಡ, ಅರ್ಚಕರ ತಮ್ಮ. ಎಲ್ಲರೂ ಬರಿಗಾಲು, ಎಲ್ಲರೂ ಮುಂಗಾಲ ಮೇಲೆ, ಎಲ್ಲರ ದವಡೆಯೂ ಸಡಿಲ. ಮಂಜಿನಲ್ಲಿ ಒಂದು ಮೆರವಣಿಗೆ ಸದ್ದಿಲ್ಲದೆ ಹರಿಯುತ್ತಿತ್ತು, ಮುಂದೆ ಒಂದು ಹಳದಿ ಕುಚ್ಚು.

"ಯಾಕೋ ಸಾರ್, ನನ್ನ ಸೊಂಟನೋವು ಹೋಯ್ತು," ಎಂದು ಲಕ್ಷ್ಮಮ್ಮ ಒಂದು ದಿನ ಪಿಸುಗುಟ್ಟಿದರು.

"ಪರೋಪಕಾರ ಮಾಡಿದ್ರೆ ಹಾಗೇ," ಎಂದರು ಜಯದೇವಪ್ಪ, ಏದುಸಿರಿಲ್ಲದೆ.

*

ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿರುವಾಗಲೇ ಆ ಭಾನುವಾರ ಬಂತು. ನರೇಂದ್ರ ಕತ್ತಲಿರುವಾಗಲೇ ಬಂದಿಳಿದ: ಮೈಗೆ ಹಸಿರು ರೇಡಿಯಂ ಬಣ್ಣದ ಟೀಶರ್ಟು, ತೋಳಿಗೆ ಕಟ್ಟಿದ ಫೋನಿನಲ್ಲಿ ಡೊಳ್ಳಿನಂಥ ಸಂಗೀತ. ಚೈತ್ರ ಇಬ್ಬರಿಗೂ ಕಾಫಿ ಕೊಟ್ಟಳು. ಶಶಿಕಾಂತ್ ಎರಡು ಲೋಟ ಕುಡಿದ.

"ಅದೇನ್ರೀ ಕೈಯಲ್ಲಿ ಹಪ್ಪಳ?"

"ದಾರೀಲಿ ಹಸಿವಾದ್ರೆ."

ಚೈತ್ರ ಟಿವಿಯ ಕಡೆ ಒಮ್ಮೆ ನೋಡಿದಳು. "ಬಡಾವಣೆ ಒಂದು ಸುತ್ತು. ನಾನು ಗೇಟಲ್ಲಿ ನಿಂತಿರ್ತೀನಿ. ನೆನಪಿರಲಿ, ಮೆಟ್ಟಿಲು. ಕಂಬಿ ಮುಟ್ಟೋ ಹಾಗಿಲ್ಲ."

"ಭಾವ, ಗುಜರಿಯವನಿಗೆ ಹೇಳಿ ಬಂದಿದೀನಿ," ಎಂದು ನರೇಂದ್ರ ಕಣ್ಣು ಹೊಡೆದ.

ಓಟ ಶುರುವಾಯಿತು. ಶಶಿಕಾಂತನ ಮುಖ ಬಸ್ಸಿನ ಕಿಟಕಿಗೆ ಒರಗಿತು, ಬೀದಿ ಹರಿಯತೊಡಗಿತು. ನರೇಂದ್ರ ಧಡ್ ಧಡ್ ಎಂದು ಜೊತೆಗೆ ಬಂದ. ಮೊದಲ ತಿರುವಿನಲ್ಲಿ ಕಾವಲಿಗೆ ನಿಂತಿದ್ದ ಜಯದೇವಪ್ಪನವರಿಗೆ ಕಂಡದ್ದು ಇಷ್ಟು: ನಿದ್ದೆಯಲ್ಲಿ ಸಾಗುತ್ತಿರುವ ಬಡಪಾಯಿ, ಅವನ ಕಿವಿಯ ಪಕ್ಕದಲ್ಲೇ ಡೊಳ್ಳು ಬಡಿಯುತ್ತಾ ಅಟ್ಟಿಸಿಕೊಂಡು ಬರುತ್ತಿರುವ ಒಬ್ಬ ಹಸಿರು ಆಸಾಮಿ.

ಅವರು ಕೈಯೆತ್ತಿದರು. ವಾಕಿಂಗಿನ ಹೆಂಗಸರು ಗೋಡೆಯ ನೆರಳಿನಿಂದ ಹೊರಬಂದರು.

"ಶ್! ಮ್ಯೂಸಿಕ್ ಆಫ್ ಮಾಡ್ರೀ!"

"ಯಾರ್ರೀ ನೀವೆಲ್ಲ? ಬಿಡ್ರೀ ಆಂಟಿ! ಟೈಮ್ ಓಡ್ತಿದೆ ನಂದು!"

"ಕೊಲೆ ಮಾಡ್ತೀಯೇನಪ್ಪಾ? ಎದೆ ನಿಂತೋಗತ್ತೆ ಅವರದು!"

"ಯಾರದ್ದು?"

"ಬಾಯಿ ಮುಚ್ಚು," ಎಂದು ಲಕ್ಷ್ಮಮ್ಮ ತಮ್ಮ ಶಾಲನ್ನೇ ಅವನ ಬಾಯಿಗೆ ಒತ್ತಿದರು. ನರೇಂದ್ರ ಒದ್ದಾಡಿದ, ಹಿಂದಕ್ಕೆ ಹೆಜ್ಜೆಯಿಟ್ಟ, ರಸ್ತೆಯಲ್ಲಿ ಬಹಳ ಕಾಲದಿಂದ ಇದ್ದ ಒಂದು ಗುಂಡಿ ಕೊನೆಗೂ ತನ್ನ ಕರ್ತವ್ಯ ನಿರ್ವಹಿಸಿತು.

ಶಶಿಕಾಂತನಿಗೆ ಇದ್ಯಾವುದೂ ತಿಳಿಯಲಿಲ್ಲ. ಹಿಂದಿನ ಧಡ್ ಧಡ್ ನಿಂತಿತು. ತಾನು ನರೇಂದ್ರನನ್ನು ದಾಟಿ ಬಹಳ ಮುಂದೆ ಬಂದಿರಬೇಕು ಎಂದುಕೊಂಡ. ದೇವಸ್ಥಾನ ಹೋಯಿತು, ಪಾರ್ಕು ಹೋಯಿತು. ಕೊನೆಯ ತಿರುವಿನಲ್ಲಿ, ಹುಳಿಮಾವು ಕೆರೆಯ ಏರಿಯ ಮೇಲಿನ ಆ ಅರೆಗಳಿಗೆ ಮತ್ತೆ ಬಂತು. ಬಂದು, ಈ ಸಲ ಹೋಗದೆ ಜೊತೆಯಲ್ಲೇ ಓಡಿತು.

ಗೇಟಿನ ಮುಂದೆ ಚೈತ್ರ ನಿಂತಿದ್ದಳು. ಅವಳ ಪಕ್ಕದಲ್ಲಿ, ಅಡ್ಡದಾರಿ ಹಿಡಿದು ಬಂದ ಜಯದೇವಪ್ಪ. ಅವನು ಹತ್ತಿರವಾಗುತ್ತಿದ್ದಂತೆ ಅವಳು "ರೀ!" ಎಂದು ಕೂಗಿದಳು.

"ಅಮ್ಮಾ, ದಮ್ಮಯ್ಯ ಅಂತೀನಿ, ಕೂಗ್ಬೇಡಿ! ನಿದ್ದೇಲಿದಾರೆ!" ಬೀದಿ ನಿಶ್ಶಬ್ದವಾಗಿದ್ದುದರಿಂದ ಆ ಪಿಸುಮಾತು ಶಶಿಕಾಂತನಿಗೂ ಸ್ಪಷ್ಟವಾಗಿ ಕೇಳಿಸಿತು. "ನಿಮಗೆ ಗಾಬರಿಯಾಗಬಾರದು ಅಂತ ಹೇಳಿರ್ಲಿಲ್ಲ. ಧನುರ್ಮಾಸದ ಶುರುವಿಂದ ನಿಮ್ಮ ಯಜಮಾನರು ದಿನಾ ನಿದ್ದೇಲೇ ಎದ್ದು ಓಡ್ತಿದಾರೆ. ನಾವು ನಾಯಿ ಕಟ್ಟಿದೀವಿ, ಹಾಲಿನ ಗಾಡಿ ತಳ್ಳಿಸಿದೀವಿ, ದೇವರನ್ನೂ ಮೆಲ್ಲಗೆ ಎಬ್ಬಿಸಿದೀವಿ. ಒಂದು ದಿನಾನೂ ಎಚ್ಚರ ಆಗೋಕೆ ಬಿಟ್ಟಿಲ್ಲ."

ಶಶಿಕಾಂತನ ಒಳಗೆ ಏನೋ ಒಂದು ಸಣ್ಣಗೆ ಮುರಿಯಿತು, ಹಪ್ಪಳವಲ್ಲ. ನಾಯಿ, ಗಾಡಿ, ದೇವರು... ಆ ಮೌನ ತನ್ನದಾಗಿರಲಿಲ್ಲ. ಅದರ ಬೆನ್ನಿಗೇ ಎರಡನೆಯ ಅರಿವು: ದಿನಾ ಓಡಿದ್ದು ಚೈತ್ರಳಿಗೆ ಗೊತ್ತಾಯಿತು. ಷರತ್ತು ಮುರಿಯಿತು. ಗುಜರಿ.

ಕಣ್ಣು ಬಿಟ್ಟು "ನಾನು ಎಚ್ಚರವಾಗೇ ಇದೀನಿ" ಎಂದರೆ ಕಿತ್ತಳೆ ಶೂಗಳು ಇವತ್ತೇ ಹೋದವು. ಅಷ್ಟೇ ಅಲ್ಲ, ತಿಂಗಳಿಡೀ ತನ್ನ ಹಿಂದೆ ಬರಿಗಾಲಲ್ಲಿ ಬಂದ ಈ ಮುದುಕರ ಮುಖ ಏನಾದೀತು? ನಿದ್ದೆಯಲ್ಲಿದ್ದವನನ್ನು ಯಾರೂ ಬೈಯುವ ಹಾಗಿಲ್ಲ. ಶಶಿಕಾಂತ್ ಜೀವನದಲ್ಲಿ ಮೊದಲ ಬಾರಿಗೆ ಕ್ಷಣಾರ್ಧದಲ್ಲಿ ನಿರ್ಧಾರ ತೆಗೆದುಕೊಂಡ. ಓಡುತ್ತಲೇ ಕಣ್ಣನ್ನು ಇನ್ನಷ್ಟು ಮುಚ್ಚಿ, ಒಂದು ಸಣ್ಣ ಗೊರಕೆ ಹೊಡೆದ.

"ನೋಡಿ!" ಎಂದರು ಜಯದೇವಪ್ಪ.

ಚೈತ್ರ ನೋಡಿದಳು. ಸ್ವಲ್ಪ ಹೊತ್ತಿನ ಹಿಂದೆ ತನ್ನ ಕೈಯಿಂದಲೇ ಎರಡು ಲೋಟ ಕಾಫಿ ಕುಡಿದ ಮನುಷ್ಯನನ್ನು ನೋಡಿದಳು. ಸೋಫಾ, ದಿಂಬು, ಟಿವಿಯ ಹಿಂದಿನ ಹಪ್ಪಳದ ಚೂರುಗಳು, ಬಾದಾಮಿ ಡಬ್ಬಿ, ಎಲ್ಲ ಅವಳ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. ಮನೆಯಲ್ಲಿ ಅವನ ಗೊರಕೆ ಮಿಕ್ಸಿಯಂತಿರುತ್ತದೆ, ಇದು ಬೆಕ್ಕಿನದು ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅವನ ಹಿಂದೆ ಮಂಜಿನಿಂದ ಇಡೀ ರಸ್ತೆ ಬಾಯಿ ತೆರೆದುಕೊಂಡು ಬರುತ್ತಿತ್ತು. ಅಷ್ಟು ಜನ, ಒಂದು ಸದ್ದೂ ಇಲ್ಲ. ಅವನು ಗಾಳಿಗೆ ಬಂದ ಬಟ್ಟೆಯಂತೆ ಹಗುರವಾಗಿ ಬಂದು ಗೇಟಿನ ಮುಂದೆ ನಿಂತ. ಕುಂಟುತ್ತಿರಲಿಲ್ಲ.

ಅವಳು ಅವನ ಮೊಣಕೈ ಹಿಡಿದು, ಕಿವಿಯ ಹತ್ತಿರ ಬಂದಳು. "ಕಾಫಿ ಕುಡಿದು ನಿದ್ದೆ ಹೋದ್ರಾ?"

ಅವನು ಗೊರಕೆ ಹೊಡೆದ.

"ಮೆಟ್ಟಿಲು," ಎಂದಳು.

ರಸ್ತೆಯೆಲ್ಲ ಗೇಟಿನೊಳಗೆ ಕತ್ತು ಚಾಚಿತು. ಶಶಿಕಾಂತ್ ಅರೆಗಣ್ಣಿನಲ್ಲಿ ಮೆಟ್ಟಿಲು ಹತ್ತಿದ. ಎರಡು ಕೈಯಲ್ಲೂ ಹಪ್ಪಳ. ಕಂಬಿ ಹಿಡಿಯಬೇಕೆಂದರೂ ಕೈ ಖಾಲಿಯಿಲ್ಲ. ಎಡಗಾಲು, ಬಲಗಾಲು. ನಡುವಿನ ತಿರುವಿನಲ್ಲಿ ಮಂಡಿ ತಾನಿನ್ನೂ ಇದ್ದೇನೆ ಎಂದು ಒಮ್ಮೆ ನೆನಪಿಸಿತು. ಅವನು ಮುಖ ಬಿಗಿಯಲಿಲ್ಲ. ಬಿಗಿದಿದ್ದರೆ ಸೋಲುತ್ತಿದ್ದ. ದವಡೆಯನ್ನು ಇನ್ನಷ್ಟು ಜೋತುಬಿಟ್ಟ, ಮಂಡಿ ಸುಮ್ಮನಾಯಿತು. ಕೊನೆಯ ಮೆಟ್ಟಿಲು ಮುಗಿದಾಗ ಕೆಳಗೆ ಎಲ್ಲರೂ ಸದ್ದಾಗದಂತೆ ಚಪ್ಪಾಳೆ ತಟ್ಟಿದರು, ಅಂಗೈಗಳನ್ನು ಒಂದಕ್ಕೊಂದು ತಾಗಿಸದೆ.

ಚೈತ್ರ ಅವನ ಬಲಗೈಯಿಂದ ಹಪ್ಪಳ ತೆಗೆದುಕೊಂಡು ತಿರುಗಿಸಿ ನೋಡಿದಳು. ಒಂದು ಬಿರುಕೂ ಇರಲಿಲ್ಲ. ಕಟಂ ಎಂದು ಕಚ್ಚಿದಳು. ಆ ಸದ್ದಿಗೆ ಜಯದೇವಪ್ಪನವರು ಎದೆ ಹಿಡಿದುಕೊಂಡರು. ಶಶಿಕಾಂತನ ರೆಪ್ಪೆ ಮಾತ್ರ ಒಮ್ಮೆ ಹಾರಿತು. ಅದನ್ನು ಅವಳೊಬ್ಬಳೇ ನೋಡಿದಳು.

"ಹೌದು ಅಂಕಲ್," ಎಂದು ಮೇಲಿಂದಲೇ ಮೆಲುದನಿಯಲ್ಲಿ ಹೇಳಿದಳು, ಅಗಿಯುತ್ತಾ. "ಗಾಢ ನಿದ್ದೆ. ಪಾಪ, ನಿದ್ದೇಲಿ ಓಡಿದ್ದಕ್ಕೆ ಯಾರನ್ನ ಏನಂತ ಬೈಯೋದು? ಅದು ಓಡಿದ ಲೆಕ್ಕಕ್ಕೇ ಬರಲ್ಲ."

ಅಷ್ಟರಲ್ಲಿ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನರೇಂದ್ರ ಕುಂಟುತ್ತಾ ಮೆಟ್ಟಿಲು ಹತ್ತಿ ಬಂದ. ಕತ್ತಿನಲ್ಲಿ ಇನ್ನೂ ಲಕ್ಷ್ಮಮ್ಮನ ಶಾಲು. "ಅಕ್ಕ, ಈ ರಸ್ತೆಯವರಿಗೆಲ್ಲ ಹುಚ್ಚು ಹಿಡಿದಿದೆ..."

"ಗುಜರಿಯವನಿ‌ಗೆ ಬರೋಕೆ ಹೇಳಿದೀನಿ ಅಂದ್ಯಲ್ಲ," ಎಂದಳು ಚೈತ್ರ, ಅವನ ಕಾಲ ಕಡೆ ನೋಡುತ್ತಾ. "ಅವನನ್ನ ಬರಿಗೈಲಿ ಕಳಿಸಬಾರದಲ್ಲ. ನಿನ್ನ ಶೂ ಯಾವ ಸೈಜು?"

*

ಮರುದಿನ ಬೆಳಗಿನ ಜಾವ ಶಶಿಕಾಂತ್ ದಿಂಬಿಗೆ ರಗ್ಗು ಹೊದಿಸುತ್ತಿದ್ದಾಗ ಹಾಲಿನ ದೀಪ ಹತ್ತಿಕೊಂಡಿತು. ಬಾಗಿಲ ಬಳಿ ಚೈತ್ರ. ಚೂಡಿದಾರದ ಮೇಲೆ ಸ್ವೆಟರು, ಕಾಲಿಗೆ ಎಂದೋ ಪ್ರವಾಸಕ್ಕೆಂದು ಕೊಂಡಿದ್ದ ಕ್ಯಾನ್ವಾಸ್ ಶೂ. ಕೈಯಲ್ಲಿ ಕಡುಗೆಂಪು ಟೋಪಿ.

"ಜಯದೇವಪ್ಪ ಅಂಕಲ್ ಹೇಳಿದ್ರು. ನಿದ್ದೇಲಿ ಓಡೋರ ಜೊತೆ ಮನೆಯವರು ಯಾರಾದ್ರೂ ಇರ್ಬೇಕಂತೆ." ಟೋಪಿಯನ್ನು ಅವನ ತಲೆಗೆ ಎಳೆದು ಕುಚ್ಚು ನೇರ ಮಾಡಿದಳು. "ಕಣ್ಣು ಮುಚ್ಚಿ. ಮೆಟ್ಟಿಲು ನೋಡ್ಕೊಂಡು."

ಕೆಳಗೆ ಲಕ್ಷ್ಮಮ್ಮ ರಂಗೋಲಿ ಮುಗಿಸಿ ಸೆರಗು ಸಿಕ್ಕಿಸಿಕೊಂಡು ತಯಾರಾಗಿದ್ದರು. ಜಯದೇವಪ್ಪನವರ ಚಪ್ಪಲಿ ಆಗಲೇ ಕೈಯಲ್ಲಿತ್ತು. ಬೀದಿ ಹರಿಯತೊಡಗಿತು. ಮಂಜು, ಹೊಂಗೆ, ಇಳಿದುಬಿದ್ದ ನಕ್ಷತ್ರಗಳು.

ಆದರೆ ಅವನ ಬಲಗಿವಿಯ ಪಕ್ಕದಲ್ಲಿ ಧಡ್, ಧಡ್, ಧಡ್. ಚೈತ್ರ ಓಡುತ್ತಿದ್ದಳು: ಕಾಲನ್ನು ಸಾಧ್ಯವಾದಷ್ಟು ದೂರ ಎಸೆದು, ಹಿಮ್ಮಡಿ ಊರಿ, ಮುಷ್ಟಿ ಬಿಗಿದು, ಮುಖವನ್ನು ಪರೀಕ್ಷೆಗೆ ಹೊರಟವಳಂತೆ ಗಂಟಿಕ್ಕಿಕೊಂಡು. ಮೊದಲ ತಿರುವಿಗೇ ಅವಳ ಉಸಿರು ಮೇಲೆ ಕೆಳಗಾಯಿತು. ಇನ್ನು ನಾಲ್ಕು ದಿನ ಹೀಗೇ ಓಡಿದರೆ ಆ ಮಂಡಿ ಕುಂಬಳಕಾಯಿಯಾಗುತ್ತದೆ. ಅದನ್ನು ತಪ್ಪಿಸುವ ಮಾತು ಶಶಿಕಾಂತನ ನಾಲಗೆಯ ತುದಿಯಲ್ಲಿತ್ತು. ಆದರೆ ನಿದ್ದೆಯಲ್ಲಿರುವವನು ಹೇಗೆ ಪಾಠ ಹೇಳುತ್ತಾನೆ?

ದೇವಸ್ಥಾನದ ಹತ್ತಿರ ಅವನಿಗೆ ತಡೆಯಲಾಗಲಿಲ್ಲ. ತುಟಿ ಅಲ್ಲಾಡಿಸದೆ, ಗಂಟಲ ಆಳದಿಂದ ಗೊಣಗಿದ: "ಹೆಜ್ಜೆ... ಚಿಕ್ಕದು... ಹಿಮ್ಮಡಿ... ಬೇಡ... ಹಪ್ಪಳ... ಹಪ್ಪಳ..."

"ಕನವರಿಸ್ತಿದಾರೆ!" ಎಂದು ಹಿಂದಿನಿಂದ ಜಯದೇವಪ್ಪ ಪಿಸುಗುಟ್ಟಿದರು. ಸಾಲಿನುದ್ದಕ್ಕೂ ಆ ಪಿಸುಮಾತು ಹಿಂದಕ್ಕೆ ಹೋಯಿತು: ಕನವರಿಸ್ತಿದಾರೆ, ಕನವರಿಸ್ತಿದಾರೆ.

ಚೈತ್ರ ಸ್ವಲ್ಪ ದೂರ ಹೋದ ಮೇಲೆ ಅವನ ಬಲಗೈಯಿಂದ ಹಪ್ಪಳವನ್ನು ಮೆಲ್ಲಗೆ ಬಿಡಿಸಿಕೊಂಡು, ಎರಡು ಬೆರಳಲ್ಲಿ ಹಿಡಿದಳು. ಮೊದಲು ಮುಷ್ಟಿ ಸಡಿಲಾಯಿತು. ಆಮೇಲೆ ಭುಜ. ಧಡ್ ಧಡ್ ಎಂಬುದು ತಪ್ ತಪ್ ಆಯಿತು. ಪಾರ್ಕಿನ ತಿರುವಿನ ಹೊತ್ತಿಗೆ, ಶಶಿಕಾಂತ್ ಎಷ್ಟು ಕಿವಿಗೊಟ್ಟರೂ, ಅವಳು ಪಕ್ಕದಲ್ಲಿ ಇದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಇದ್ದಾಳೋ ನೋಡೋಣವೆಂದು ಒಂದೇ ಒಂದು ಕಣ್ಣನ್ನು ಸ್ವಲ್ಪ ತೆರೆದ.

"ಮಲಗ್ರೀ," ಎಂದಳು.